ವೈಟ್ ಸಾಸ್ ಮಾಡುವವರಿಗೆ: 'ರೂ' ಅಂದರೆ ಏನು?

ಪಾಸ್ತಾ ರೆಸಿಪಿಗಳಲ್ಲಿ 'ರೂ' ಮಾಡಿಕೊಳ್ಳಿ ಎಂದಿರುತ್ತದೆ. roux ಎಂದು ಬರೆಯುವಾಗ ಕೊನೆಗೆ ಎಕ್ಸ್ ಇದೆ, ಓದುವಾಗ ಇಲ್ಲ. ಫ್ರೆಂಚ್‌ನಲ್ಲಿ ರೂ ಎಂದರೆ ಕೆಂಗಂದು ಬಣ್ಣ. ಕೆಂಗೂದಲಿನವರಿಗೂ ಅದೇ ಮಾತು. ಕಂದು ಬಣ್ಣ ಬರುವಂತೆ ಕಾಯಿಸಿದ ಬೆಣ್ಣೆಗೆ 'ಬರ್ ರೂ' ಎನ್ನುತ್ತಿದ್ದರು. ಅದೇ ಚಿಕ್ಕದಾಗಿ, ಈಗ ಬೆಣ್ಣೆಯಲ್ಲಿ ಹುರಿದ ಹಿಟ್ಟಿಗೆಲ್ಲ ರೂ ಎಂಬ ಹೆಸರು, ಅದು ಬಿಳಿಯಾಗಿದ್ದರೂ ಸರಿಯೇ.

ಹೆಸರಲ್ಲಿರುವ ಆ ಬಣ್ಣವನ್ನೇ ಅಡುಗೆಯಲ್ಲೂ ಗಮನಿಸಬೇಕು. ವೈಟ್ ಸಾಸ್‌ಗೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿದರೆ ಸಾಕು. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಅಮೆರಿಕದ ಲೂಸಿಯಾನದಲ್ಲಿ ಗಂಬೋ ಎಂಬ ಸಾರಿಗೆ ಎಣ್ಣೆಯಲ್ಲೇ ಹಿಟ್ಟನ್ನು ಚಾಕೊಲೇಟ್ ಬಣ್ಣಕ್ಕೆ ಬರುವವರೆಗೆ ಕೈಬಿಡದೆ ತಿರುಗಿಸುತ್ತಾರೆ. ಪರಿಮಳ ಅದ್ಭುತ. ಆದರೆ ಹೆಚ್ಚು ಹುರಿದಷ್ಟೂ ಹಿಟ್ಟಿನ ಪಿಷ್ಟ ಒಡೆದು, ಸಾರನ್ನು ಮಂದ ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಕಂದು ರೂ ಮಾಡುವಾಗ ಹಿಟ್ಟು ತುಸು ಹೆಚ್ಚೇ ಬೇಕು.

ಅಳತೆ: ಅರ್ಧ ಲೀಟರ್ ಹಾಲಿಗೆ ಬೆಣ್ಣೆ 40 ಗ್ರಾಂ, ಮೈದಾ 40 ಗ್ರಾಂ. ಸಮ ಎಂದರೆ ತೂಕದಲ್ಲಿ ಸಮ, ಚಮಚದಲ್ಲಲ್ಲ, ಮೈದಾ ಹಗುರ. ಬೆಣ್ಣೆ ಹಿಟ್ಟಿನ ಕಣಗಳನ್ನು ಬಿಡಿಬಿಡಿಯಾಗಿ ಇಡುವುದರಿಂದಲೇ ಗಂಟು ಕಟ್ಟುವುದಿಲ್ಲ. ಹಾಲನ್ನು ಮಾತ್ರ ಒಮ್ಮೆಗೇ ಸುರಿಯಬೇಡಿ; ಮೊದಲು ಒಂದು ಸೌಟು, ಅದು ನುಣ್ಣಗೆ ಬೆರೆತ ಮೇಲೆ ಮುಂದಿನದು. ಕೊನೆಗೆ ಕುದಿ ಬಂದ ಮೇಲೂ ಐದಾರು ನಿಮಿಷ ಸಣ್ಣ ಉರಿಯಲ್ಲಿಡಿ.