ಮಾತು ಮೊದಲು, ಪಾಟಿ ಕೊನೆಗೆ: ತಾಂಡಾದ ಅಂಗನವಾಡಿಯಲ್ಲಿ ನನ್ನ ಅನುಭವ

ಈ ವರ್ಷ ನಮ್ಮ ಕೇಂದ್ರದಿಂದ ಒಂದನೇ ತರಗತಿಗೆ ಹೋದ ಮಕ್ಕಳು ಆಗಸ್ಟ್ ಮುಗಿಯುವುದರೊಳಗೆ ಶಾಲೆಯಲ್ಲಿ ಮೊದಲು ಕಲಿಸುವ ‘ರ ಗ ಸ ದ ಅ’, ‘ಜ ವ ಮ ಬ ನ’ ಎರಡೂ ಅಕ್ಷರಗುಂಪು ದಾಟಿದ್ದಾರೆ. ಹಿಂದೆಲ್ಲ ತಾಂಡಾದ ಮಕ್ಕಳು ದೀಪಾವಳಿಯವರೆಗೂ ಮೊದಲ ಮೈಲಿಗಲ್ಲಿನಲ್ಲೇ (ಕಲಿಕೆಯ ಮೊದಲ ಹಂತದಲ್ಲೇ) ಕುಳಿತಿರುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಶಿಕ್ಷಕರೇ ಬಂದು, “ಟೀಚರ್, ಇವರಿಗೆ ಏನು ಮಾಡಿಸಿದಿರಿ?” ಎಂದು ಕೇಳಿದರು. ನಮ್ಮಲ್ಲಿದ್ದಾಗ ಕೊನೆಯ ಆರು ತಿಂಗಳು ಬಿಟ್ಟರೆ ಇವರು ಪಾಟಿಯನ್ನೇ ಹಿಡಿದಿರಲಿಲ್ಲ ಎಂದಾಗ ಅವರು ನಂಬಲಿಲ್ಲ. ನಮ್ಮ ವಲಯದ ಅಂಗನವಾಡಿಗಳಲ್ಲೂ ಯಾರೂ ನಂಬಿರಲಿಲ್ಲ. ಮನೆಮಾತಿನ ಕತೆಯಿಂದ ಶುರುಮಾಡಿ ಕನ್ನಡಕ್ಕೆ ಬಂದ ನಮ್ಮ ದಾರಿಯನ್ನು ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾ. ನಾನು ಪಕ್ಕದ ಊರಿನವಳು, ಮನೆಮಾತು ಕನ್ನಡ. ಸಹಾಯಕಿ ಅಕ್ಕ ತಾಂಡಾದವರೇ, ಲಂಬಾಣಿ ಮಾತಿನವರು. ಮನೆಯಲ್ಲಿ ಯಾಡಿಯ (ತಾಯಿಯ) ಹಿಂದೆ ಮುಂದೆ ಸುತ್ತುತ್ತ ಬಾಟಿ (ರೊಟ್ಟಿ) ಬೇಕು, ಪಾಣಿ (ನೀರು) ಬೇಕು ಎಂದು ಗೋಗರೆಯುವ ಮೂರು ವರ್ಷದ ಮಗು ನನ್ನ ಮುಂದೆ ಬಾಯಿಗೆ ಬೀಗ ಹಾಕಿದಂತೆ ಕೂರುತ್ತಿತ್ತು. ದಾಖಲೆಯಲ್ಲಿ ಅಂಥ ಮಕ್ಕಳನ್ನು ‘ಮಾತು ನಿಧಾನ’ ಎಂದು ಬರೆದುಬಿಡುತ್ತಿದ್ದೆವು. ಆ ಮಗುವಿಗೆ ಮಾತು ನಿಧಾನವಾಗಿರಲಿಲ್ಲ, ನಾವು ಅದಕ್ಕೆ ಬಾರದ ಮಾತಿನಲ್ಲಿ ಕೇಳುತ್ತಿದ್ದೆವು.

ಪಾಲಕರ ಒತ್ತಡ ಎಲ್ಲರಿಗೂ ಗೊತ್ತಿರುವುದೇ. “ಎರಡು ವರ್ಷದಿಂದ ಬರುತ್ತಿದ್ದಾನೆ, ಎಬಿಸಿಡಿ ಬರುವುದಿಲ್ಲ. ಪಕ್ಕದ ಮನೆಯ ಹುಡುಗಿ ಎಲ್‌ಕೆಜಿಗೆ ಹೋಗಿ ನೂರರವರೆಗೆ ಹೇಳುತ್ತಾಳೆ, ಟೀಚರ್.” ಎಲ್‌ಕೆಜಿ ವ್ಯಾನ್ ತಾಂಡಾದ ಬಾಗಿಲಿಗೇ ಬರುತ್ತದೆ. ವ್ಯಾನಿಗೆ ತಿಂಗಳಿಗೆ ಆರೇಳುನೂರು, ಶುಲ್ಕ ಬೇರೆ. ಸಾಲ ಮಾಡಿ ಕಳಿಸಿದವರೂ ಇದ್ದಾರೆ. ಇಪ್ಪತ್ತಕ್ಕೂ ಮೇಲಿದ್ದ ನಮ್ಮ ಹಾಜರಿ ಒಂದು ಹಂತದಲ್ಲಿ ಹತ್ತು ಹನ್ನೆರಡಕ್ಕೆ ಇಳಿಯಿತು. ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ, ಕೇಂದ್ರದಲ್ಲಿ ಲಂಬಾಣಿ ಬಳಸುವ ಮಾತು ಬಂದಾಗ ಹಿರಿಯರೊಬ್ಬರು, “ಲಂಬಾಣಿ ನಮ್ಮ ಮನೆಯಲ್ಲೇ ಇದೆ, ಅದನ್ನು ಕಲಿಸಲು ನೀವು ಯಾಕೆ?” ಎಂದರು. ಮೇಲ್ವಿಚಾರಕಿಯವರ ಪ್ರಶ್ನೆಯೂ ಹೆಚ್ಚುಕಡಿಮೆ ಅದೇ.

ಕೈಕೊಟ್ಟ ವಿಧಾನಗಳನ್ನು ಮೊದಲು ಹೇಳುತ್ತೇನೆ, ಹಣ ಹೋದದ್ದು ಅಲ್ಲೇ. ಪೇಟೆಯಿಂದ ತಂದ ಚಾರ್ಟುಗಳಿಗೇ ಐದಾರುನೂರು ರೂಪಾಯಿ ಆಯಿತು. ಈ-ಈಟಿ, ಋ-ಋಷಿ. ನಮ್ಮ ಮಕ್ಕಳು ಈಟಿಯನ್ನೂ ಕಂಡಿಲ್ಲ, ಋಷಿಯನ್ನೂ ಕಂಡಿಲ್ಲ. ಚಿತ್ರ ನೋಡಿ ಒಬ್ಬ “ತಾತ” ಎಂದ, ಅವನದೇ ಸರಿ. ಆನ್‌ಲೈನ್‌ನಲ್ಲಿ ತರಿಸಿದ ಬೆರಳುಗೊಂಬೆಗಳಿಗೆ ಸಾವಿರದ ಮೇಲೆ ಕೊಟ್ಟೆ, ಎರಡು ತಿಂಗಳಲ್ಲಿ ಹರಿದವು. ಮೊಬೈಲಿನಲ್ಲಿ ಶಿಶುಗೀತೆ ಹಾಕಿದರೆ ಮಕ್ಕಳು ಕಣ್ಣು ಮಿಟುಕಿಸದೆ ಕೂರುತ್ತಾರೆ, ತಿಂಗಳಾದ ಮೇಲೆ ರಾಗ ಪೂರ್ತಿ ಬರುತ್ತದೆ, ಅದರ ಒಂದು ಪದವನ್ನೂ ಆಟದಲ್ಲಿ ಬಳಸುವುದಿಲ್ಲ. ಈ ವಯಸ್ಸಿನ ಮಗು ಮಾತು ಕಲಿಯುವುದು ತನಗೆ ಉತ್ತರ ಕೊಡುವ ಮುಖದಿಂದ. ಪರದೆ ಉತ್ತರ ಕೊಡುವುದಿಲ್ಲ.

ಹೆಚ್ಚು ಸಮಯ ತಿಂದದ್ದು ಸಾಲು ಸಾಲಾಗಿ ಅನುವಾದಿಸುವ ವಿಧಾನ. ನಾನು ಕನ್ನಡದಲ್ಲಿ ಒಂದು ವಾಕ್ಯ ಹೇಳುವುದು, ಅಕ್ಕ ತಕ್ಷಣ ಲಂಬಾಣಿಯಲ್ಲಿ ಹೇಳುವುದು. ನೋಡುವವರಿಗೆ ಚೆನ್ನಾಗಿ ಕಾಣುತ್ತದೆ. ಮಕ್ಕಳ ಕಣ್ಣನ್ನೇ ಗಮನಿಸಿದೆ: ನಾನು ಮಾತನಾಡುವಾಗ ಕಿಟಕಿಯ ಕಡೆ, ಅಕ್ಕ ಮಾತನಾಡುವಾಗ ಅಕ್ಕನ ಕಡೆ. ಅರ್ಥವಾಗುವ ಮಾತು ಹೇಗೂ ಬರುತ್ತದೆ ಎಂದು ಗೊತ್ತಿದ್ದರೆ ಅರ್ಥವಾಗದ್ದನ್ನು ಯಾರು ಕೇಳುತ್ತಾರೆ? ಒಂದು ಶೈಕ್ಷಣಿಕ ವರ್ಷವೇ ಇದರಲ್ಲಿ ಹೋಯಿತು.

ಕೊನೆಗೆ ಕೈಹಿಡಿದದ್ದು ಎರಡನ್ನೂ ಬೇರ್ಪಡಿಸಿದ್ದು. ಕಾಗಕ್ಕ ಗುಬ್ಬಕ್ಕನ ಕತೆಯನ್ನೇ ತೆಗೆದುಕೊಳ್ಳಿ. ಮೊದಲ ಮೂರು ನಾಲ್ಕು ದಿನ ಅಕ್ಕ ಪೂರ್ತಿ ಲಂಬಾಣಿಯಲ್ಲೇ ಹೇಳುತ್ತಾರೆ, ನಾನು ಬಾಯಿ ಬಿಡುವುದಿಲ್ಲ. ಸಗಣಿಯ ಮನೆ, ಕಲ್ಲಿನ ಮನೆ, ಸುರಿಯಲು ಚೊಂಬಿನಲ್ಲಿ ನೀರು, ಎಲ್ಲ ಮುಂದೆ ಇರುತ್ತವೆ. ಕತೆ ಬಾಯಿಪಾಠವಾದ ಮೇಲೆ ಅದೇ ವಸ್ತು, ಅದೇ ಕೈಸನ್ನೆ ಇಟ್ಟುಕೊಂಡು ನಾನು ಪೂರ್ತಿ ಕನ್ನಡದಲ್ಲಿ ಹೇಳುತ್ತೇನೆ, ಅಕ್ಕ ಸುಮ್ಮನಿರುತ್ತಾರೆ. ಕತೆ ಗೊತ್ತಿರುವುದರಿಂದ ಮಕ್ಕಳಿಗೆ ಉಳಿಯುವ ಕೆಲಸ ಮಾತೊಂದೇ. “ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗೆ” ಎಂದು ಕಾಗೆ ಕೇಳುವುದು, “ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ”, “ತಾಳು, ನೀರು ಹಾಕುತ್ತಿದ್ದೇನೆ” ಎಂದು ಗುಬ್ಬಿ ಮುಂದೂಡುವುದು. ಹೀಗೆ ಒಂದೇ ಅಚ್ಚಿನ ವಾಕ್ಯದಲ್ಲಿ ಒಂದು ಪದ ಮಾತ್ರ ಬದಲಾಗುವ ಕತೆಗಳು ಬಂಗಾರ. ಎರಡನೇ ವಾರದಲ್ಲಿ, ಅಲ್ಲಿಯವರೆಗೆ ಕನ್ನಡದಲ್ಲಿ ತುಟಿ ಬಿಚ್ಚಿರದ ಹುಡುಗಿಯೊಬ್ಬಳು ಗುಬ್ಬಿಯ ಸರದಿ ಬಂದಾಗ, “ತಾಳು, ಮಗುವಿಗೆ ಬಾಟಿ ತಿನ್ನಿಸುತ್ತಿದ್ದೇನೆ” ಎಂದಳು. ಕತೆಯಲ್ಲಿ ಇಲ್ಲದ ಸಾಲು ಅದು, ಅವಳೇ ಕಟ್ಟಿದ್ದು. ಬಾಟಿಯನ್ನು ರೊಟ್ಟಿ ಎಂದು ತಿದ್ದಲು ಬಂದ ಪಕ್ಕದ ಕೇಂದ್ರದ ಗೆಳತಿಯನ್ನು ನಾನೇ ತಡೆದೆ.

ತಿದ್ದುವುದನ್ನು ಪೂರ್ತಿ ಬಿಟ್ಟಿದ್ದೇನೆ. ನಾಲ್ಕು ವರ್ಷದ ಮಗು “ಅಣ್ಣ ಬರಿದ” ಎನ್ನುತ್ತದೆ, “ನಾನು ಕೊಡಿದೆ” ಎನ್ನುತ್ತದೆ. ‘ಓಡಿದ’, ‘ಮಾಡಿದ’ ಕೇಳಿ ಕೇಳಿ ತಾನೇ ಕಂಡುಕೊಂಡ ನಿಯಮ ಅದು. ಮನೆಮಾತು ಕನ್ನಡವಾಗಿರುವ ಮಕ್ಕಳೂ ಇದನ್ನೇ ಮಾಡುತ್ತಾರೆ. ಅದಕ್ಕೆ “ಹೌದಾ, ಅಣ್ಣ ಬಂದನಾ? ಎಲ್ಲಿಂದ ಬಂದ?” ಎಂದು ಸರಿಯಾದ ರೂಪವನ್ನು ನನ್ನ ಉತ್ತರದೊಳಗೆ ಸೇರಿಸಿ ಮಾತು ಮುಂದುವರಿಸುತ್ತೇನೆ. ಕೆಲವು ತಿಂಗಳಲ್ಲಿ ‘ಬರಿದ’ ತಾನಾಗಿ ಉದುರಿಹೋಗುತ್ತದೆ. ತಿದ್ದಿಸಿಕೊಂಡ ಮಗು ಮಾತು ನಿಲ್ಲಿಸುತ್ತದೆ, ನಷ್ಟ ಅದೇ.

ಹೊಸ ಭಾಷೆಯಲ್ಲಿ ಮೌನವಾಗಿರುವ ಮಗುವಿನ ಬಗ್ಗೆ ಯಾರೂ ಗಾಬರಿಯಾಗಬೇಕಿಲ್ಲ. ಕೆಲವರು ಮೂರು ನಾಲ್ಕು ತಿಂಗಳು ಕೇಳಿಸಿಕೊಳ್ಳುವುದರಲ್ಲೇ ಕಳೆಯುತ್ತಾರೆ. ಆದರೆ ಮನೆಮಾತಿನಲ್ಲೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ ಎಂದರೆ ಕಾಯಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮೌನ ಮುರಿಯಲು ನನ್ನದೊಂದು ಉಪಾಯವಿದೆ. ಅಡುಗೆ ಕೋಣೆಗೆ ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತೇನೆ. ಬರಹದಲ್ಲಿ ಓದಿ ಮಾಡಿದರೆ ಅದು ಕೆಡುತ್ತದೆ, ಕೇಂದ್ರಕ್ಕೆ ಬಂದವರಿಗೆ ಮುಂದೆ ನಿಂತು ತೋರಿಸುತ್ತೇನೆ.

ಐದು ವರ್ಷ ದಾಟಿದವರಿಗೆ ಚಪ್ಪಾಳೆ ಆಟ. ಕ-ಮ-ಲ ಮೂರು, ಬಾ-ಟಿ ಎರಡು. ನಮ್ಮ ಲಿಪಿ ನಡೆಯುವುದೇ ಹೀಗೆ ತುಂಡು ತುಂಡಾಗಿ, ಆದ್ದರಿಂದ ಕಿವಿಗೆ ತುಂಡು ಸಿಕ್ಕ ಮಗುವಿಗೆ ಅಕ್ಷರ ಬೇಗ ಅಂಟುತ್ತದೆ. ಒತ್ತಕ್ಷರವಿರುವ ಪದಗಳನ್ನು ಮಾತ್ರ ತಡವಾಗಿ ತನ್ನಿ, ‘ಅಕ್ಕ’ ಎಂಬಲ್ಲಿ ಎಲ್ಲಿ ಕತ್ತರಿಸಬೇಕೆಂದು ಮಕ್ಕಳು ಜಗಳವಾಡುತ್ತಾರೆ. ಮೊದಲು ಓದುವುದು ತಟ್ಟೆಯ ಮೇಲೆ ಅಂಟಿಸಿದ ತಮ್ಮ ತಮ್ಮ ಹೆಸರು. ಆಮೇಲೆ ‘ರ ಗ ಸ ದ ಅ’, ಮೊದಲು ಮರಳಿನ ಮೇಲೆ ಬೆರಳಿನಲ್ಲಿ, ನಂತರ ಪಾಟಿ. ‘ಅ ಆ ಇ ಈ’ ಸಾಲನ್ನು ನಾನು ಮುಟ್ಟುವುದೇ ಇಲ್ಲ. ಶಾಲೆಯಲ್ಲಿ ಬಳಸುವ ಕ್ರಮ ಬೇರೆ ಇರುವಾಗ ಇಲ್ಲೊಂದು, ಅಲ್ಲೊಂದು ಏಕೆ?

ನಡುವೆ ಒಂದಿಷ್ಟು ಪ್ರಯೋಗಗಳನ್ನೂ ಮಾಡಿದೆ. ಬಿಸ್ಕತ್ತಿನ ಪೊಟ್ಟಣದಲ್ಲಿ ಹುಣಸೆ ಬೀಜ ತುಂಬಿ, ಮಗುವಿಗೆ ತೆರೆದು ತೋರಿಸಿ, ಮುಚ್ಚಿ, “ಹೊರಗೆ ಆಡುತ್ತಿರುವ ನಿನ್ನ ಗೆಳೆಯ ಬಂದರೆ ಇದರಲ್ಲಿ ಏನಿದೆ ಎನ್ನುತ್ತಾನೆ?” ಎಂದು ಕೇಳುವುದು. ಮೂರು ವರ್ಷದವರು “ಬೀಜ” ಎನ್ನುತ್ತಾರೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂಬುದು ಆ ವಯಸ್ಸಿನ ನಂಬಿಕೆ. ನಾಲ್ಕು ದಾಟಿ ಐದರ ಹತ್ತಿರ ಬಂದವರು ನಕ್ಕು “ಬಿಸ್ಕತ್ತು ಎನ್ನುತ್ತಾನೆ” ಎನ್ನುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅದೇ ವಯಸ್ಸಿನ ಮಕ್ಕಳಿಗೆ ಕನ್ನಡದಲ್ಲಿ ನಾನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಜನ ತಪ್ಪಿದರು, ವಾರ ಬಿಟ್ಟು ಅಕ್ಕ ಲಂಬಾಣಿಯಲ್ಲಿ ಕೇಳಿದಾಗ ಹೆಚ್ಚಿನವರು ಸರಿ ಹೇಳಿದರು. ವಾರದಲ್ಲಿ ಅವರ ಬುದ್ಧಿ ಬೆಳೆಯಲಿಲ್ಲ, ಪ್ರಶ್ನೆ ತಲುಪಿತು ಅಷ್ಟೇ. ಎತ್ತರದ ಲೋಟ, ಅಗಲದ ಬಟ್ಟಲಿನ ನೀರಿನ ಪ್ರಯೋಗವನ್ನೂ ಮಾಡಿದೆ. ಐದು ವರ್ಷದವರೂ ಎತ್ತರದ ಲೋಟದಲ್ಲೇ ಹೆಚ್ಚು ಎನ್ನುತ್ತಾರೆ, ಎಷ್ಟು ವಿವರಿಸಿದರೂ ಬದಲಾಗುವುದಿಲ್ಲ. ಅಲ್ಲಿಂದ ಹಾಲು ಕೊಡಲು ಒಂದೇ ಅಳತೆಯ ಲೋಟ ತಂದೆ, ಜಗಳ ನಿಂತಿತು.

ಖರ್ಚಿನ ಲೆಕ್ಕ ಕೇಳುವವರಿಗೆ: ಈಗ ನನ್ನ ಕೈಯಿಂದ ತಿಂಗಳಿಗೆ ನೂರು, ನೂರೈವತ್ತು ದಾಟುವುದಿಲ್ಲ. ನಮ್ಮ ಗೌರವಧನ ಎಷ್ಟೆಂದು ನಿಮಗೆ ಗೊತ್ತೇ ಇದೆ. ಚಾರ್ಟಿನ ಬದಲು ತಾಂಡಾದ ಬಾವಿ, ಆಡು, ಟ್ರ್ಯಾಕ್ಟರ್, ಬಾಟಿ ಸುಡುವ ಅಜ್ಜಿ, ಇವುಗಳನ್ನೇ ಮೊಬೈಲಿನಲ್ಲಿ ಹಿಡಿದು ಸ್ಟುಡಿಯೋದಲ್ಲಿ ಮುದ್ರಿಸಿದೆ, ಒಂದಕ್ಕೆ ಹತ್ತು ಹದಿನೈದು ರೂಪಾಯಿ. ಲ್ಯಾಮಿನೇಷನ್ ಮಾಡಿಸಬೇಡಿ. ಬಾಗಿಲ ಬೆಳಕು ಅದರ ಮೇಲೆ ಬಿದ್ದು ಎರಡನೇ ಸಾಲಿನ ಮಕ್ಕಳಿಗೆ ಬಿಳಿ ಹೊಳಪು ಬಿಟ್ಟು ಏನೂ ಕಾಣುವುದಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟಿಗೆ ಅಂಟಿಸಿದರೆ ಸಾಕು. ಯಾವ ಚಿತ್ರದ ನಂತರ ಯಾವುದು ಎಂಬ ಕ್ರಮ ನಾನು ಬಹಳ ಪಾಡುಪಟ್ಟು ಕಂಡುಕೊಂಡದ್ದು, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ವ್ಯಾನ್ ಹತ್ತಿದ್ದವರಲ್ಲಿ ನಾಲ್ಕೈದು ಮಕ್ಕಳು ಮರಳಿ ಬಂದಿದ್ದಾರೆ. ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಹಿರಿಯರ ಮೊಮ್ಮಗಳು ಈಗ ಅಂಗಡಿ ಫಲಕಗಳನ್ನು ಅಕ್ಷರ ಕೂಡಿಸಿ ಓದುತ್ತಾಳೆ, ಅವರೇ ಅವಳನ್ನು ಸಂತೆಗೆ ಕರೆದೊಯ್ದು ಓದಿಸುತ್ತಾರೆ.

ಬಿಡಿಸಲಾಗದ ಗಂಟು ಒಂದೇ, ಕಬ್ಬಿನ ಹಂಗಾಮು. ದಸರಾ ಮುಗಿಯುತ್ತಲೇ ಕಬ್ಬು ಕಡಿಯಲು ಹೊರಡುವ ಕುಟುಂಬಗಳ ಜೊತೆ ಐದಾರು ಮಕ್ಕಳು ಹೋಗುತ್ತಾರೆ, ಬರುವುದು ಶಿವರಾತ್ರಿ ಕಳೆದು. ಕಳೆದ ಸಲ ಕತೆಗಳನ್ನು ನನ್ನ ದನಿಯಲ್ಲೂ ಅಕ್ಕನ ದನಿಯಲ್ಲೂ ಧ್ವನಿಮುದ್ರಿಸಿ ತಾಯಂದಿರ ಮೊಬೈಲಿಗೆ ಕಳಿಸಿದೆ. ತಾಯಿ ಜೊತೆಗೆ ಕುಳಿತು ಕೇಳಿದ ಇಬ್ಬರಲ್ಲಿ ಮಾತು ಉಳಿಯಿತು, ಸುಮ್ಮನೆ ಹಾಕಿಕೊಟ್ಟವರಲ್ಲಿ ಇಲ್ಲ. ಈ ಸಲ ಹೊರಡುವ ಮೊದಲೇ ಆ ತಾಯಂದಿರಿಗೆ ಕತೆಗಳನ್ನು ಲಂಬಾಣಿಯಲ್ಲಿ ಕಲಿಸಿ, ರಟ್ಟಿನ ಚಿತ್ರಗಳ ಒಂದೊಂದು ಕಟ್ಟು ಕೊಟ್ಟು ಕಳಿಸುತ್ತಿದ್ದೇವೆ. ಕಟ್ಟಿಗೆ ಇನ್ನೂರು ರೂಪಾಯಿ ಬೀಳುತ್ತದೆ, ಸ್ತ್ರೀಶಕ್ತಿ ಗುಂಪಿನವರು ಅರ್ಧ ಕೊಡಲು ಒಪ್ಪಿದ್ದಾರೆ.