ಬಾತುಕೋಳಿ ಹೊಡೆಯುವ ಬಂದೂಕಿನಿಂದ ಆರಂಭಿಸಿ: ನಿಂಟೆಂಡೊ ಉತ್ಪನ್ನಗಳ ಚರಿತ್ರೆ ಬರೆಯುವ ಬಗೆ

ಹುಬ್ಬಳ್ಳಿ–ಧಾರವಾಡದ ಅನೇಕ ಮನೆಗಳ ಅಟ್ಟದ ಮೇಲೆ, 1990ರ ದಶಕದಲ್ಲಿ ಬೆಳೆದ ಮಕ್ಕಳು ನೌಕರಿಗೆಂದು ಊರು ಬಿಟ್ಟ ಮೇಲೂ ಯಾರೂ ಎಸೆಯದೆ ಉಳಿಸಿಕೊಂಡ ರಟ್ಟಿನ ಪೆಟ್ಟಿಗೆಯೊಂದು ಇರುತ್ತದೆ. ಹಳದಿ ಬಣ್ಣದ ಕ್ಯಾಸೆಟ್ಟು, ವೈರು ಸುತ್ತಿಟ್ಟ ಎರಡು ಜಾಯ್‌ಸ್ಟಿಕ್ಕು, ಟಿವಿಯತ್ತ ಗುರಿಯಿಟ್ಟು ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಬಂದೂಕು ಅದರಲ್ಲಿರುತ್ತವೆ. ಜಪಾನಿನ ನಿಂಟೆಂಡೊದಂಥ ಆಟಿಕೆ ಮತ್ತು ವಿಡಿಯೊ ಗೇಮ್ ಕಂಪನಿಯೊಂದರ ಉತ್ಪನ್ನಗಳ ಚರಿತ್ರೆಯನ್ನು ಕಾಲೇಜಿನ ಪ್ರಾಜೆಕ್ಟಿಗಾಗಿಯೋ ಶಾಲೆಯ ಪ್ರದರ್ಶನಕ್ಕಾಗಿಯೋ ಬರೆಯಬೇಕೆನ್ನುವವರು ಇಸವಿಗಳ ಪಟ್ಟಿಯಿಂದ ತೊಡಗದೆ ಈ ಪೆಟ್ಟಿಗೆಯಿಂದ ತೊಡಗುವುದು ಒಳ್ಳೆಯದು. ಪಟ್ಟಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಯಾವ ತಿಳಿವಳಿಕೆ ದಾಟಿತು ಎಂಬುದನ್ನು ಮಾತ್ರ ಹುಡುಕಿಯೇ ಬರೆಯಬೇಕಾಗುತ್ತದೆ.

ಮೊದಲು, ಕೈಯಲ್ಲಿರುವುದು ಏನೆಂದು ಖಚಿತಪಡಿಸಿಕೊಳ್ಳಿ. ನಮ್ಮ ಕಡೆ ದೀಪಾವಳಿಗೆ ಮಕ್ಕಳಿಗೆ ಕೊಡಿಸಿದ ‘ಟಿವಿ ಗೇಮ್’ಗಳಲ್ಲಿ ಹೆಚ್ಚಿನವು ನಿಂಟೆಂಡೊ ತಯಾರಿಸಿದವಲ್ಲ, ಆ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಕ್ಯಾಸೆಟ್ಟಿನ ತಳದಲ್ಲಿರುವ ಲೋಹದ ಪಟ್ಟಿಗಳನ್ನು ಎರಡೂ ಬದಿ ಎಣಿಸಿ: 60 ಇದ್ದರೆ ಅದು ಫ್ಯಾಮಿಕಾಮ್ ಮಾದರಿ, 72 ಇದ್ದರೆ ಅದೇ ಯಂತ್ರದ ರೂಪವಾಗಿ 1985ರಲ್ಲಿ ಅಮೆರಿಕದಲ್ಲಿ ಹೊರಬಂದ ಎನ್‌ಇಎಸ್ (ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್) ಮಾದರಿ. ಮೂಲ ಫ್ಯಾಮಿಕಾಮ್‌ನಲ್ಲಿ ಆಡುವ ಗುಂಡಿಪಟ್ಟಿಗಳನ್ನು ಯಂತ್ರಕ್ಕೇ ಕಾಯಂ ಜೋಡಿಸಲಾಗಿತ್ತು ಮತ್ತು ಎರಡನೆಯದರಲ್ಲಿ ಮೈಕ್ ಇತ್ತು. ಪಿನ್ನಿನಿಂದ ಬಿಚ್ಚಿ ತೆಗೆಯಬಹುದಾದ ಜಾಯ್‌ಸ್ಟಿಕ್ಕುಗಳು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಅದು ಆ ಮೂಲ ಯಂತ್ರವಲ್ಲ, ನಕಲಾಗಿರುವ ಸಾಧ್ಯತೆಯೇ ಹೆಚ್ಚು. ನಕಲು ಎಂಬುದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ನಮ್ಮ ಓಣಿಗಳಿಗೆ ಈ ಚರಿತ್ರೆ ಬಂದು ತಲುಪಿದ ದಾರಿ ಅದು, ಆದ್ದರಿಂದ ಅದನ್ನು ಮುಚ್ಚಿಡದೆ ಬರೆಯಬೇಕು.

ಪರದೆಯ ಮೇಲೆ ಕಾಣುವ ಇಸವಿಯನ್ನು ಕ್ಯಾಸೆಟ್ಟು ತಯಾರಾದ ಇಸವಿಯೆಂದು ತಿಳಿಯಬೇಡಿ. ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಪರದೆಯಲ್ಲಿರುವ 1985 ಆ ಆಟದ ಹಕ್ಕಿನ ವರ್ಷವೇ ಹೊರತು ನಿಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ಕಿನ ವಯಸ್ಸಲ್ಲ. ಹಾಗೆಯೇ ಯಂತ್ರ ಮಾಡಿದವರು ಬೇರೆ, ಆಟ ಮಾಡಿದವರು ಬೇರೆ ಇರಬಹುದು: ನಮ್ಮ ಹುಡುಗರು ರಜೆಯ ಮಧ್ಯಾಹ್ನಗಳನ್ನೆಲ್ಲ ಕಳೆದ ಕಾಂಟ್ರಾ ಆಟವು ಕೊನಾಮಿ ಎಂಬ ಬೇರೊಂದು ಕಂಪನಿಯದು. ನಾನು ತಿದ್ದಿದ ಪ್ರಾಜೆಕ್ಟುಗಳಲ್ಲಿ ಅತಿ ಹೆಚ್ಚು ಸಲ ಕೆಂಪು ಶಾಯಿ ಬಿದ್ದದ್ದು ಈ ಎರಡು ಕಡೆ.

ಇನ್ನು ಒಂದು ಎಳೆಯನ್ನು ಆರಿಸಿಕೊಂಡು ಹಿಂದಕ್ಕೆ ಹೋಗಿ. ಬಂದೂಕನ್ನೇ ತೆಗೆದುಕೊಳ್ಳೋಣ. ಕುದುರೆ ಎಳೆದ ಕ್ಷಣ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ನಳಿಕೆಯೊಳಗಿನ ಬೆಳಕು ಗುರುತಿಸುವ ಬಿಡಿಭಾಗವು ಕಪ್ಪಿನ ಹಿಂದೆಯೇ ಬಿಳಿಯನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಅಂದರೆ ಬಂದೂಕು ಏನನ್ನೂ ಹಾರಿಸುವುದಿಲ್ಲ, ಸುಮ್ಮನೆ ನೋಡುತ್ತದೆ. ಉರಿಯುವ ಬಲ್ಬಿನತ್ತ ಹಿಡಿದು ಮೋಸ ಮಾಡುವವರಿಗೆ ಆ ಕಪ್ಪು ಕ್ಷಣವೇ ಅಡ್ಡಿ. 1984ರ ಈ ಡಕ್ ಹಂಟ್ ಆಟಕ್ಕೆ ಮೊದಲು, 1976ರಲ್ಲಿ, ಅದೇ ಹೆಸರಿನ ಮನೆಯಾಟಿಕೆಯೊಂದನ್ನು ಕಂಪನಿ ಮಾರಿತ್ತು; ಒಂದೇ ಹೆಸರಿನ ಎರಡು ವಸ್ತುಗಳನ್ನು ಒಂದೆಂದು ಬರೆಯದಂತೆ ಎಚ್ಚರ ವಹಿಸಿ. 1973ರಲ್ಲಿ ಪಾಳುಬಿದ್ದ ಬೌಲಿಂಗ್ ಅಂಗಣಗಳಲ್ಲಿ ನಿಂಟೆಂಡೊ ದೊಡ್ಡ ಗಾತ್ರದ ಬೆಳಕಿನ ಗುರಿಯಾಟಗಳನ್ನು ನಿಲ್ಲಿಸಿತು. ಅದೇ ವರ್ಷದ ತೈಲ ಬಿಕ್ಕಟ್ಟಿನಿಂದ ಬೇಡಿಕೆಗಳು ರದ್ದಾಗಿ ಕಂಪನಿ ಸಾಲಕ್ಕೆ ಸಿಲುಕಿತು. ಇನ್ನೂ ಹಿಂದೆ, 1970ರಲ್ಲಿ, ಬೆಳಕು ಬಿಡುವ ಬಂದೂಕಿನ ಆಟಿಕೆ ಇತ್ತು: ಅದರಲ್ಲಿ ಬಂದೂಕು ಬೆಳಕು ಚೆಲ್ಲುತ್ತಿತ್ತು, ಗುರಿಯಲ್ಲಿದ್ದ ಸೌರಕೋಶ ಅದನ್ನು ಹಿಡಿಯುತ್ತಿತ್ತು. ಟಿವಿ ಬಂದ ಮೇಲೆ ಬೆಳಕು ಹೊರಡುವ ಕಡೆಯೇ ಅದಲುಬದಲಾಯಿತು, ಆಟ ಮಾತ್ರ ಅದೇ ಉಳಿಯಿತು. ಶಾರ್ಪ್ ಕಂಪನಿಯಲ್ಲಿ ಸೌರಕೋಶಗಳ ಮಾರಾಟದಲ್ಲಿದ್ದ ಮಸಾಯುಕಿ ಉಎಮುರಾ ನಿಂಟೆಂಡೊ ಸೇರಿ, ಮುಂದೆ ಫ್ಯಾಮಿಕಾಮ್ ಯಂತ್ರವನ್ನೇ ರೂಪಿಸಿದರು. ಇಂಥ ಕೊಂಡಿ ಸಿಕ್ಕಾಗ ಅವಸರ ಮಾಡದೆ ಒಂದು ಪುಟವನ್ನಾದರೂ ಅದಕ್ಕೆ ಕೊಡಿ.

ಎರಡನೆಯ ಎಳೆ ಬೇಕೆಂದರೆ ನಿಂಟೆಂಡೊದ ಆಟಿಕೆ ವಿನ್ಯಾಸಕ ಗುನ್‌ಪೇ ಯೊಕೊಯಿ ಅವರನ್ನು ಹಿಡಿಯಿರಿ. 1966ರಲ್ಲಿ ಇಕ್ಕಳದಂತೆ ಚಾಚಿ ವಸ್ತುವನ್ನು ಹಿಡಿಯುವ ಅಲ್ಟ್ರಾ ಹ್ಯಾಂಡ್ ಅವರಿಂದ ಬಂತು, ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಕ್ಯಾಲ್ಕುಲೇಟರಿನ ಪರದೆ ಅಗ್ಗವಾದ ಕಾಲದಲ್ಲಿ, 1980ರಲ್ಲಿ, ಅದನ್ನೇ ಅಂಗೈಯಾಟಕ್ಕೆ ತಿರುಗಿಸಿ ಗೇಮ್ ಆಂಡ್ ವಾಚ್ ಮಾಡಿದರು. ಅದರ 1982ರ ಡಾಂಕಿ ಕಾಂಗ್ ಮಾದರಿಯಲ್ಲಿ ಹೆಬ್ಬೆರಳಿಗೆಂದು ಕೂಡಿಸಿದ ಕೂಡು-ಗುರುತಿನ (+) ಗುಂಡಿ ಫ್ಯಾಮಿಕಾಮ್‌ಗೂ, ಅಲ್ಲಿಂದ ನಮ್ಮ ನಕಲು ಜಾಯ್‌ಸ್ಟಿಕ್ಕಿಗೂ ಇಳಿದು ಬಂತು. ಬಳಸಿ ಹಳತಾದ, ಅಗ್ಗವಾದ ತಂತ್ರವನ್ನು ಹೊಸ ಕಡೆ ಹಚ್ಚುವುದು ಅವರ ಪದ್ಧತಿಯಾಗಿತ್ತು. ಕಪ್ಪು-ಬಿಳುಪಿನ ಹಾಗಿದ್ದ ಪರದೆಯ ಗೇಮ್ ಬಾಯ್ 1989ರಲ್ಲಿ ಗೆದ್ದದ್ದೂ, ಕೆಂಪು ಬಣ್ಣವೊಂದನ್ನೇ ತೋರಿಸುತ್ತಿದ್ದ ವರ್ಚುವಲ್ ಬಾಯ್ 1995ರಲ್ಲಿ ಸೋತದ್ದೂ ಅದೇ ಕೈಯಿಂದ. ಆದ್ದರಿಂದ ಸೋತ ವಸ್ತುವನ್ನು ಬಿಟ್ಟು ಬರೆದರೆ ಗೆದ್ದ ವಸ್ತುವಿನ ಕಾರಣವೂ ಅರ್ಥವಾಗುವುದಿಲ್ಲ.

ಕಾಲಕ್ರಮವನ್ನು ಓದುಗರ ಮನಸ್ಸಿನಲ್ಲಿ ನಿಲ್ಲಿಸಲು ಊರಿನ ಇಸವಿಗಳನ್ನು ಪಕ್ಕದ ಅಂಚಿನಲ್ಲಿ ಬರೆಯಿರಿ. ಫುಸಾಜಿರೊ ಯಾಮಾವುಚಿ ಕ್ಯೋಟೊದಲ್ಲಿ ಹನಫುದಾ ಎಂಬ 48 ಎಲೆಗಳ ಇಸ್ಪೀಟು ಮಾಡತೊಡಗಿದ್ದು 1889ರಲ್ಲಿ, ಅಂದರೆ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟುವ ಹಿಂದಿನ ವರ್ಷ. ಹನ್ನೆರಡು ತಿಂಗಳಿಗೆ ನಾಲ್ಕರಂತೆ ಹೂವಿನ ಎಲೆಗಳೆಂದು ಹೇಳಿದರೆ ಗಂಜೀಫಾ ಕಂಡವರಿಗೆ ಕೂಡಲೇ ತಿಳಿಯುತ್ತದೆ. ಕಂಪನಿ ಈಗಿನ ಹೆಸರನ್ನು ಪಡೆದ 1963, ಹುಬ್ಬಳ್ಳಿ–ಧಾರವಾಡ ಒಂದೇ ಮಹಾನಗರ ಪಾಲಿಕೆಯಾದ ಮರುವರ್ಷ.

ಸಂಖ್ಯೆಗಳ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ: ಮಿಲಿಯನ್ನನ್ನು ಲಕ್ಷವೆಂದು ಬರೆದು, ಗೋಡೆಗೆ ಹಚ್ಚಿದ ಫಲಕವನ್ನು ಪ್ರದರ್ಶನದ ದಿನ ಬೆಳಿಗ್ಗೆ ಕೆರೆದು ತೆಗೆಯಬೇಕಾಯಿತು. ಜಪಾನೀ ಲೆಕ್ಕಗಳಲ್ಲಿ ‘ಮಾನ್’ ಎಂದರೆ ಹತ್ತು ಸಾವಿರ. ಹೀಗಾಗಿ ಸಾವಿರ ಮಾನ್ ನಮ್ಮ ಒಂದು ಕೋಟಿಗೆ ಸರಿಯಾಗುತ್ತದೆ. 2004ರ ನಿಂಟೆಂಡೊ ಡಿಎಸ್ ಎಂಬ ಅಂಗೈಯಾಟದ ಯಂತ್ರದ ಮಾರಾಟ 15,402 ಮಾನ್ ಎಂಬುದನ್ನು 15 ಕೋಟಿ 40 ಲಕ್ಷವೆಂದೂ, 2012ರ ವೀ ಯು ಯಂತ್ರದ ಮಾರಾಟ 1,356 ಮಾನ್ ಎಂಬುದನ್ನು 1 ಕೋಟಿ 35 ಲಕ್ಷಕ್ಕಿಂತ ತುಸು ಹೆಚ್ಚೆಂದೂ ಬರೆಯಿರಿ. ಬಿಡುಗಡೆಯ ದಿನವನ್ನು ಬರೆಯುವಾಗ ದೇಶವನ್ನೂ ಬರೆಯುವುದು ಕಡ್ಡಾಯ.

ಬಂದೂಕನ್ನು ಆಡಿಸಿ ತೋರಿಸುವ ಇರಾದೆಯಿದ್ದರೆ ಹಳೆಯ ಡಬ್ಬಿ ಟಿವಿಯೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಈಗಿನ ಚಪ್ಪಟೆ ಟಿವಿಗಳಲ್ಲಿ ಚಿತ್ರ ತುಸು ತಡವಾಗಿ ಮೂಡುವುದರಿಂದ ಅದು ಕೆಲಸ ಮಾಡುವುದಿಲ್ಲ. ಪೆಟ್ಟಿಗೆಯ ಮುಂದಿಡುವ ಚೀಟಿಯಲ್ಲಿ ಹೀಗೆ ಬರೆದರೆ ಸಾಕು: ‘ಫ್ಯಾಮಿಕಾಮ್ ಮಾದರಿಯ ನಕಲು ಯಂತ್ರ, 1990ರ ದಶಕ, ಹುಬ್ಬಳ್ಳಿಯಲ್ಲಿ ಕೊಂಡದ್ದು, ಬಂದೂಕು ಸಹಿತ.’