ಕುಮಾರ ಪರ್ವತ: ಹತ್ತುವ ಮೊದಲು ಇಳಿಯುವ ಲೆಕ್ಕ ಹಾಕಿ

"ಕುಮಾರ ಪರ್ವತ ಹತ್ತೋದು ಕಷ್ಟನಾ?" ಅಂತ ಕೇಳುವವರು ಬೇಕಾದಷ್ಟು ಜನ. ಇಳಿಯೋದು ಹೇಗೆ ಅಂತ ಯಾರೂ ಕೇಳುವುದಿಲ್ಲ. ನಾನು ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಕಣ್ಣಲ್ಲಿ ನೀರು ಬಂದಿದ್ದು ವಾಪಸ್ ಬರುವಾಗಲೇ.

ಎತ್ತರ 1,712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಆದರೆ ಅಲ್ಲಿ ಗಾಡಿ ಹೆಚ್ಚೂಕಡಿಮೆ ತುದಿವರೆಗೂ ಹೋಗುತ್ತದೆ. ಇಲ್ಲಿ ಕುಕ್ಕೆ ಸುಬ್ರಹ್ಮಣ್ಯದ ತಗ್ಗಿನಿಂದ ನಡಿಗೆ ಶುರು. ಅಂದರೆ ಒಂದೂವರೆ ಸಾವಿರ ಮೀಟರಿಗಿಂತ ಜಾಸ್ತಿ ನಿಮ್ಮ ಕಾಲೇ ಹತ್ತಬೇಕು, ಅದೇ ಕಾಲು ಅಷ್ಟನ್ನೂ ಇಳಿಯಬೇಕು. ಹೋಗಿ ಬರುವುದು ಸೇರಿ ಸುಮಾರು 25 ಕಿಲೋಮೀಟರ್.

ಮೊದಲು ಅನುಮತಿ. ಇದು ಪುಷ್ಪಗಿರಿ ವನ್ಯಜೀವಿಧಾಮದ ಒಳಗಿರುವ ಬೆಟ್ಟ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೆ ನುಗ್ಗಿ ಜಾತ್ರೆ ಮಾಡಿದ ವಿಡಿಯೊ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ತಂದಿತು. ಈಗ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ತಗೊಂಡೇ ಹೊರಡಬೇಕು, ಗುರುತಿನ ಚೀಟಿ ಜೊತೆಗಿರಲಿ. ಮಳೆಗಾಲದಲ್ಲಿ ದಾರಿ ಮುಚ್ಚುತ್ತಾರೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮತ್ತೆ ಮುಚ್ಚುತ್ತಾರೆ. ಹಾಗಾಗಿ ಬಸ್ಸಿಗಿಂತ ಮೊದಲು ಟಿಕೆಟ್ ನೋಡಿ. ನನ್ನ ಕೇಳಿದರೆ ನವೆಂಬರ್, ಡಿಸೆಂಬರ್ ಒಳ್ಳೆಯದು, ಅದೂ ವಾರದ ಮಧ್ಯೆ.

ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಕುಕ್ಕೆ. ಬೆಳಕು ಹರಿದ ತಕ್ಷಣ ಹೊರಡಿ, ಕತ್ತಲಲ್ಲಿ ಬೇಡ, ಆನೆ ಓಡಾಡುವ ಕಾಡು ಇದು. ದಾರಿ ಮಧ್ಯೆ ಚಾರಣಿಗರಿಗೆ ಊಟ ಕೊಡುವ ಭಟ್ಟರ ಮನೆವರೆಗೆ ಐದಾರು ಕಿಲೋಮೀಟರ್ ದಟ್ಟ ಕಾಡು, ಬರೀ ಬೇರು ಮತ್ತು ಕಲ್ಲು. ನೆರಳಿರುತ್ತದೆ, ಆದರೆ ಬೆವರು ಮಾತ್ರ ಧಾರಾಕಾರ, ಯಾಕೆಂದರೆ ಗಾಳಿಯೇ ಆಡುವುದಿಲ್ಲ. ಇಲ್ಲಿ ಓಡಬೇಡಿ. ಹುಮ್ಮಸ್ಸಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಹೋದವರನ್ನು ಮಧ್ಯಾಹ್ನ ಯಾವುದೋ ಬಂಡೆ ಮೇಲೆ ಮಲಗಿರುವುದನ್ನು ನೋಡಿದ್ದೇನೆ (ಅದರಲ್ಲಿ ಒಬ್ಬ ನಾನೇ).

ಮಳೆ ನಿಂತ ಹೊಸದರಲ್ಲಿ ಈ ಕಾಡಲ್ಲಿ ಉಂಬಳ (ಜಿಗಣೆ) ಜಾಸ್ತಿ. ಹಳೇ ಬಟ್ಟೆಯಲ್ಲಿ ಒಂದು ಹಿಡಿ ಉಪ್ಪು ಗಂಟು ಕಟ್ಟಿ ಜೇಬಲ್ಲಿಡಿ. ಹತ್ತಿದ್ದು ಕಂಡರೆ ಗಂಟನ್ನು ಸ್ವಲ್ಪ ಒದ್ದೆ ಮಾಡಿ ಮುಟ್ಟಿಸಿ, ಉದುರುತ್ತದೆ. ಇಲ್ಲವಾದರೆ ಬಾಯಿ ಕಚ್ಚಿದ ಕಡೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ಎಳೆದು ಕೀಳಬೇಡಿ. ಬಿಟ್ಟ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ ಅಷ್ಟೇ. ಗಾಬರಿ ಬೇಡ.

ಭಟ್ಟರ ಮನೆಯಲ್ಲಿ ಮೊದಲೇ ಹೇಳಿದ್ದರೆ ಅನ್ನ, ಸಾಂಬಾರ್, ಮಜ್ಜಿಗೆ ಸಿಗುತ್ತದೆ. ಹತ್ತುವಾಗ ಹೊಟ್ಟೆ ಬಿರಿಯ ತಿನ್ನಬೇಡಿ, ಆ ಊಟ ಇಳಿಯುವಾಗಿನದು. ಹತ್ತಿರದಲ್ಲೇ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ. ಪ್ಲಾಸ್ಟಿಕ್ ಪೊಟ್ಟಣಗಳನ್ನು ಆದಷ್ಟು ಮನೆಯಲ್ಲೇ ಬಿಟ್ಟು ಬನ್ನಿ.

ಇಲ್ಲಿಂದ ಮೇಲೆ ಮರ ಮುಗಿಯಿತು. ಬರೀ ಹುಲ್ಲುಗಾವಲು, ನೆತ್ತಿ ಮೇಲೆ ಬಿಸಿಲು, ಕಣ್ಣೆದುರು ಬೆಟ್ಟ, ಎಷ್ಟು ನಡೆದರೂ ಅದು ಹತ್ತಿರ ಬರುವುದೇ ಇಲ್ಲ. ಟೋಪಿ ಬೇಕೇ ಬೇಕು. ನೀರು ತಲೆಗೆ ಮೂರು ಲೀಟರ್. ಮೊದಲ ಸಲ ನಾನು ಒಂದು ಲೀಟರ್ ಹಿಡಿದು ಹೋಗಿ, ತುದಿಗಿಂತ ಮೊದಲು ಸಿಗುವ ಶೇಷ ಪರ್ವತದ ಮೇಲೆ ಅಪರಿಚಿತರ ಹತ್ತಿರ ಕೈ ಚಾಚಿದ್ದೆ. ಕಲ್ಲು ಮಂಟಪದ ಹತ್ತಿರ ನೀರು ಹರಿಯುವುದುಂಟು, ಬೇಸಿಗೆ ಹತ್ತಿರವಾದಂತೆ ಒಣಗುತ್ತದೆ, ಅದನ್ನು ನಂಬಿ ಹೋಗಬೇಡಿ. ಮಂಟಪದ ನಂತರ ಏರು ಇನ್ನೂ ಕಡಿದು. ಶೇಷ ಪರ್ವತ ತಲುಪಿದಾಗ "ಬಂದೇ ಬಿಟ್ವಿ" ಅನ್ನಿಸುತ್ತದೆ. ಇಲ್ಲ, ಅಲ್ಲಿಂದ ಒಂದು ಇಳಿಜಾರು, ಒಂದು ತುಂಡು ಕಾಡು, ಆಮೇಲೆ ಜಾರುವ ಬಂಡೆ, ಅದು ದಾಟಿದರೆ ತುದಿ.

ಹನ್ನೆರಡು ಗಂಟೆ ನಿಮ್ಮ ಗಡುವು. ಅಷ್ಟೊತ್ತಿಗೆ ಎಲ್ಲಿದ್ದರೂ ವಾಪಸ್ ತಿರುಗಿ, ತುದಿ ಕಣ್ಣೆದುರೇ ಇದ್ದರೂ ಸರಿ. ಮೇಲೆ ಟೆಂಟ್ ಹಾಕುವ ಹಾಗಿಲ್ಲ. ಕೆಳಗಿನ ಕಾಡಲ್ಲಿ ಸಂಜೆ ಐದೂವರೆಗೇ ಮಬ್ಬು.

ಈಗ ಇಳಿಯುವ ವಿಷಯ. ಹೊರಡುವ ಎರಡು ದಿನ ಮೊದಲು ಕಾಲುಗುರು ಕತ್ತರಿಸಿ. ಸುಮ್ನೆ ಹೇಳುತ್ತಿಲ್ಲ. ಇಳಿಜಾರಿನಲ್ಲಿ ಪಾದ ಪ್ರತಿ ಹೆಜ್ಜೆಗೂ ಮುಂದೆ ಜಾರಿ ಹೆಬ್ಬೆರಳು ಶೂಗೆ ಕುಟ್ಟುತ್ತದೆ. ಹೊಸ ಶೂ ಹಾಕಿಕೊಂಡು ಬಂದ ನನ್ನ ಗೆಳೆಯನ ಎರಡೂ ಉಗುರು ಕಪ್ಪಾಗಿ, ತಿಂಗಳಾದ ಮೇಲೆ ಕಳಚಿ ಬಿದ್ದವು. ಇಳಿಯುವ ಮುಂಚೆ ಕೂತು ಲೇಸ್ ಬಿಚ್ಚಿ ಮತ್ತೆ ಕಟ್ಟಿ: ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಬೆರಳ ಕಡೆ ಸಡಿಲ, ಕಣಕಾಲಿನ ಹತ್ತಿರ ಬಿಗಿ. ಮಂಡಿ ಸ್ವಲ್ಪ ಮಡಚಿರಲಿ, ಹೆಜ್ಜೆ ಚಿಕ್ಕದಾಗಿರಲಿ. ಒಂದು ಕೋಲಿದ್ದರೆ ಮಂಡಿಯ ಸ್ವಲ್ಪ ಭಾರ ಅದರದ್ದು.

ಇಷ್ಟೆಲ್ಲ ಬೇಡ ಅನ್ನುವವರಿಗೆ ಸೋಮವಾರಪೇಟೆ ಕಡೆಯಿಂದ ಬೀದಳ್ಳಿ ದಾರಿ ಇದೆ. ಅರ್ಧದಷ್ಟೇ ದೂರ, ನೆರಳೂ ಜಾಸ್ತಿ. ವಾಪಸ್ ಬರುವಾಗ ಮಲ್ಲಳ್ಳಿ ಜಲಪಾತವನ್ನೂ ನೋಡಬಹುದು. ಮೊದಲ ಸಲ ಹೋಗುವವರಿಗೆ ನಾನು ಅದನ್ನೇ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಕುಕ್ಕೆಯಿಂದ ವಾಪಸ್ ಬಸ್ಸನ್ನು ರಾತ್ರಿ ಒಂಬತ್ತರ ಮೇಲೆ ಬುಕ್ ಮಾಡಿ. ನಡುವೆ ಸಮಯ ಸಿಕ್ಕರೆ ಕುಮಾರಧಾರೆಯ ಸ್ನಾನಘಟ್ಟದಲ್ಲಿ ಕಾಲು ಇಳಿಬಿಟ್ಟು ಕೂತುಕೊಳ್ಳಿ. ಸೀಟು ಮಾತ್ರ ಕಿಟಕಿ ಪಕ್ಕದ್ದು ಬೇಡ, ಕಾಲು ಚಾಚುವುದಕ್ಕೆ ನಡುವಿನ ದಾರಿಯ ಕಡೆಯದೇ ಇರಲಿ.